ದನ ಮೇಯ್ದ ದೃಶ್ಯ

1952ರ ಅಕ್ಟೋಬರ್. ಕಲ್ಕತ್ತೆಯಿಂದ ರೈಲಿನಲ್ಲಿ ಬಂದಿಳಿದು ಪಾಲ್ಸಿಟ್ ಬಳಿಯ ಬಯಲಲ್ಲಿ ನಿಂತಿದ್ದೀರಿ. ಎತ್ತ ನೋಡಿದರೂ ಬಿಳಿ ತೆನೆ ತೂಗುವ ಕಾಶಹುಲ್ಲು. ಅದರಾಚೆ ರೈಲು ಹಳಿ. ಜಾಹೀರಾತು ಕಂಪನಿಯ ನೌಕರಿ ಬಿಡದೆ, ರಜೆಯ ದಿನ 'ಪಥೇರ್ ಪಾಂಚಾಲಿ' ಸಿನಿಮಾ ತೆಗೆಯಲು ಬಂದಿರುವ ಸತ್ಯಜಿತ್ ರಾಯ್ ಇಲ್ಲೇ ಇದ್ದಾರೆ. ಕ್ಯಾಮೆರಾ ಹಿಂದಿರುವ ಸುಬ್ರತ ಮಿತ್ರ ಇನ್ನೂ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ. ಸಿನಿಮಾ ಕ್ಯಾಮೆರಾ ಅವರಿಗೂ ಹೊಸದು.

ಕಥೆಯ ಹುಡುಗ ಅಪು ತನ್ನ ಅಕ್ಕ ದುರ್ಗಾಳನ್ನು ಹುಡುಕುತ್ತ ನಡೆಯಬೇಕು. ಹುಡುಗನ ಕೈಕಾಲು ಬಿಗಿದುಕೊಂಡಿವೆ. ರಾಯ್ ದಾರಿಗೆ ಅಲ್ಲಲ್ಲಿ ಕಡ್ಡಿ ಹಾಕಿಸುತ್ತಾರೆ. ಹುಲ್ಲಿನ ಮರೆಯಲ್ಲಿ ಕೂತವರು ಒಬ್ಬೊಬ್ಬರಾಗಿ ಅವನ ಹೆಸರು ಕೂಗುತ್ತಾರೆ. ಕಡ್ಡಿ ದಾಟಿ, ಕೂಗಿದತ್ತ ಕತ್ತು ಹೊರಳಿಸಿ, ಮತ್ತೆ ನಿಂತು, ಈಗ ಹುಡುಗ ನಿಜವಾಗಿಯೂ ಹುಡುಕುತ್ತಿದ್ದಾನೆ.

ವಾರ ಬಿಟ್ಟು ಅಲ್ಲಿಗೇ ಬನ್ನಿ. ಬಯಲು ಬೋಳು. ಹೂವನ್ನೆಲ್ಲ ದನ ಮೇಯ್ದಿವೆ. ಉಳಿದರ್ಧ ದೃಶ್ಯ ಬೇಕೆಂದರೆ ಮುಂದಿನ ಶರದೃತುವಿನವರೆಗೆ ಕಾಯಬೇಕು. ಬೇರೆ ಯಾರಾದರೂ ಕಥೆಯನ್ನೇ ತಿದ್ದಿಕೊಳ್ಳುತ್ತಿದ್ದರೇನೋ. ರಾಯ್ ಕಾದರು. ಎಡವಟ್ಟು ತಾನಾಗಿ ಕಲೆಯಾಗುವುದಿಲ್ಲ. ಅದನ್ನು ಕಾದು ದುಡಿಸಿಕೊಳ್ಳುವವರು ಬೇಕು.

ಈಗ ಚಿತ್ರೀಕರಣದ ಇನ್ನೊಂದು ತಾಣ, ಬೋರಾಲ್ ಹಳ್ಳಿ. ಮಳೆಗಾಲವಿಡೀ ಕೈಯಲ್ಲಿ ಕಾಸಿರಲಿಲ್ಲ. ದುಡ್ಡು ಬಂದಾಗ ಅಕ್ಟೋಬರ್, ಆಕಾಶ ನಿಚ್ಚಳ. ಆದರೂ ದಿನವೂ ಮಕ್ಕಳನ್ನು ಕರೆತಂದು, ಕ್ಯಾಮೆರಾ ಸಜ್ಜು ಮಾಡಿ ಮೋಡದ ದಾರಿ ನೋಡುತ್ತಾರೆ. ಕೊನೆಗೊಂದು ದಿನ ಕಪ್ಪು ಮೋಡ ಕವಿದು ಸುರಿಯತೊಡಗುತ್ತದೆ. ಮರದಡಿ ದುರ್ಗಾ ತಮ್ಮನನ್ನು ತಬ್ಬಿ ಸೆರಗು ಹೊದಿಸುತ್ತಾಳೆ. ಅಪುವಿನ ನಡುಕ ನಟನೆಯಲ್ಲ. ಮೈಮೇಲೆ ಬೀಳುತ್ತಿರುವುದು ಶರತ್ಕಾಲದ ಕೊರೆಯುವ ಮಳೆ. ಶಾಟ್ ಮುಗಿದೊಡನೆ ಇಬ್ಬರಿಗೂ ಬ್ರಾಂದಿ ಬೆರೆಸಿದ ಹಾಲು ಕುಡಿಸುತ್ತಾರೆ. ಕಥೆಯಲ್ಲಿ ದುರ್ಗಾಳನ್ನು ಕೊಂಡೊಯ್ಯುವ ಜ್ವರ ಈ ಮಳೆಯಿಂದಲೇ ಶುರು. ದುಡ್ಡು ಹೊತ್ತಿಗೆ ಸರಿಯಾಗಿ ಸಿಕ್ಕಿ, ಆಷಾಢದ ಬೆಚ್ಚನೆಯ ಮಳೆಯಲ್ಲೇ ಚಿತ್ರೀಕರಣ ಮುಗಿದಿದ್ದರೆ ಆ ಚಳಿ ನಮ್ಮ ಮೈಗೆ ತಾಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಹೀಗೆ ನಿಂತು ನಿಂತು ಸಾಗಿದ 'ಪಥೇರ್ ಪಾಂಚಾಲಿ' 1955ರಲ್ಲಿ ಬಿಡುಗಡೆಯಾಯಿತು. ಅಷ್ಟರೊಳಗೆ ಸಿಹಿತಿಂಡಿ ಮಾರುವವನ ಪಾತ್ರಧಾರಿ ತೀರಿಕೊಂಡಿದ್ದರು, ಒಂದು ದೃಶ್ಯದಲ್ಲಿದ್ದ ನಾಯಿಯೂ ಸತ್ತಿತ್ತು. ಹೋಲುವ ನಾಯಿ ಸಿಕ್ಕಿತು. ಮುಖ ಹೋಲುವ ಮನುಷ್ಯ ಸಿಗಲಿಲ್ಲ. ಮೈಕಟ್ಟು ಹೋಲುವವರನ್ನು ಹುಡುಕಿ, ಬೆನ್ನು ಮಾತ್ರ ತೋರಿಸಿದರು. ಮುಂದಿನ ಸಲ ಚಿತ್ರ ನೋಡುವಾಗ ಗಮನಿಸಿ: ಸಿಹಿತಿಂಡಿಯವನಾಗಿ ಬಿದಿರುಮೆಳೆ ದಾಟಿ ಬರುವವರು ಒಬ್ಬರು, ಕಥೆಯಲ್ಲಿನ ಮುಖರ್ಜಿಯವರ ಮನೆಬಾಗಿಲು ಹೊಗುವವರು ಇನ್ನೊಬ್ಬರು.