ಕಲ್ಲು ಬೆವರಿದ ಜಾಗ

ಜಿಯಾಲಜಿ ಟ್ರಿಪ್ಪಿಗೆ ಕನಕಪುರದ ಹತ್ತಿರದ ಕಬ್ಬಾಳಿಗೆ ಹೋಗಿದ್ವಿ. ಬೂದು ನೈಸ್ ಬಂಡೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಕಲೆಗಳು. ಅದೇ ಚಾರ್ನೊಕೈಟ್. ಬೂದು ಕಲ್ಲೇ ಹೀಗೆ ಬದಲಾಗಿದೆ ಅಂತ 1960ರಲ್ಲಿ ಸಿ. ಎಸ್. ಪಿಚ್ಚಮುತ್ತು ಬರೆದಿದ್ದರು.

"ಏನ್ ನೋಡ್ತಿದ್ದೀರ್ರಪ್ಪಾ?" ಆಡು ಮೇಯಿಸ್ತಿದ್ದ ತಾತ ಕೇಳಿದ್ರು.

ಇಂಗ್ಲಿಷ್ ಮೀಡಿಯಂನ ನಮಗೆ 'ಡಿಹೈಡ್ರೇಶನ್' ಬಿಟ್ಟು ಬೇರೆ ಪದ ಬರಲಿಲ್ಲ. ತಡವರಿಸ್ತಾನೇ ಹೇಳಿದ್ವಿ: "ತಾತ, ಸುಮಾರು 250 ಕೋಟಿ ವರ್ಷದ ಹಿಂದೆ ಈ ಕಲ್ಲು ನೆಲದಾಳದಲ್ಲಿತ್ತು. ವಿಪರೀತ ಬಿಸಿ. ಬಿರುಕಲ್ಲಿ ಕಾರ್ಬನ್ ಡೈಆಕ್ಸೈಡ್ ಹರೀತು. ಕಲ್ಲೊಳಗಿನ ಕಪ್ಪು ಕಾಗೆಬಂಗಾರದ ನೀರು ಬಿಟ್ಟುಹೋಗಿ, ಹೈಪರ್‌ಸ್ತೀನ್ ಅನ್ನೋ ಹೊಸ ಖನಿಜ ಹುಟ್ತು."

"ಅಂದ್ರೆ, ಕಲ್ಲು ಬೆವ್ತೈತೆ ಅನ್ನಿ."

ಲ್ಯಾಬ್ ರೆಕಾರ್ಡಲ್ಲಿ ಎರಡು ಪುಟ ಬರೆದಿದ್ವಿ. ಅರ್ಥ ಆಗಿದ್ದು ಮಾತ್ರ ಆವತ್ತು.