ನಾದದ ವಿಳಂಬ

ನಾದವು ಗಾಳಿಯಲ್ಲಿ ಸಂಚರಿಸುವುದಕ್ಕೂ ಕಾಲ ಹಿಡಿಯುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರು ಅದರ ವೇಗ. ಎಂದರೆ ಒಂದು ಮಿಲಿಸೆಕೆಂಡಿನಲ್ಲಿ ಒಂದಡಿಗಿಂತ ತುಸು ಹೆಚ್ಚು. ಕಚೇರಿಯಲ್ಲಿ ಗಾಯಕರಿಗೂ ಮೃದಂಗದವರಿಗೂ ನಡುವೆ ಐದಾರು ಅಡಿ ಅಂತರವಿದ್ದರೆ, ಒಬ್ಬರ ನಾದ ಇನ್ನೊಬ್ಬರ ಕಿವಿಯನ್ನು ಸೇರುವಷ್ಟರಲ್ಲಿ ಐದು ಮಿಲಿಸೆಕೆಂಡು ಕಳೆದಿರುತ್ತದೆ. ಇದನ್ನು ಯಾವ ವಿದ್ವಾಂಸರೂ ವಿಳಂಬವೆಂದು ಎಣಿಸಿದವರಲ್ಲ.

ಮನೆಯ ಗಣಕಯಂತ್ರದ ವಿಳಂಬವಾದರೋ ಬೇರೆ ಜಾತಿಯದು. ಮೈಸೂರಿನ ವೃದ್ಧ ಮೃದಂಗ ವಿದ್ವಾಂಸರೊಬ್ಬರಿಗೆ ಅದರಿಂದ ಉಂಟಾದ ಕ್ಲೇಶವನ್ನು ಕೇಳಿದರೆ ವಾಚಕರಿಗೆ ಇದರ ಸ್ವರೂಪ ತಿಳಿದೀತು. ನಲವತ್ತು ವರ್ಷ ಪಕ್ಕವಾದ್ಯ ನುಡಿಸಿ, ಕಾಲಪ್ರಮಾಣದ ಶುದ್ಧಿಗೆ ಹೆಸರಾದವರು ಅವರು. ದೂರದೂರಿನ ಗಾಯಕಿಯೊಬ್ಬರು ಹಾಡಿ ಕಳುಹಿಸಿದ ಕೀರ್ತನೆಗೆ ಮನೆಯಲ್ಲಿಯೇ ಕುಳಿತು, ಕಿವಿ ಮುಚ್ಚುವ ಹೆಡ್‌ಫೋನು ಧರಿಸಿ, ಮೃದಂಗವನ್ನು ಮುದ್ರಿಸಿ ಕಳುಹಿಸಿದರು. ಎರಡು ದಿನದ ಮೇಲೆ ಉತ್ತರ ಬಂದಿತು: “ತಮಗೆ ಹೇಳುವಷ್ಟು ದೊಡ್ಡವಳಲ್ಲ, ಆದರೂ ಕೈ ಸ್ವಲ್ಪ ಮುಂದಕ್ಕೆ ಓಡಿದಂತೆ ಕೇಳಿಸುತ್ತದೆ.”

ಶ್ರುತಿ ಇಳಿದಿದೆಯೆಂದಿದ್ದರೆ ಅವರು ನಕ್ಕು, ಶ್ರುತಿಮಾಡುವ ಕಲ್ಲನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಓಡುತ್ತದೆ ಎಂಬ ಮಾತು ಮಾತ್ರ ಎದೆಗೆ ನಾಟಿತು. ವಯಸ್ಸು ಕೈಗೆ ಇಳಿಯಿತೆಂದೇ ಭಾವಿಸಿ, ಒಪ್ಪಿಕೊಂಡಿದ್ದ ಎರಡು ಕಚೇರಿಗಳನ್ನು ಬಿಟ್ಟುಬಿಡುವ ಯೋಚನೆಗೂ ಬಂದರು.

“ಮೇಷ್ಟ್ರೇ, ಹೆಡ್‌ಫೋನು ತೆಗೆದು ಒಂದು ಸಲ ನುಡಿಸಿ ನೋಡಿ” ಎಂದು ಶಿಷ್ಯನು ಆದಿತಾಳ ಹಾಕುತ್ತ ಎದುರಿಗೆ ಕುಳಿತ. ಎಂಟು ಆವರ್ತ ಕಳೆದರೂ ಕೂದಲೆಳೆಯಷ್ಟು ವ್ಯತ್ಯಾಸವಾಗಲಿಲ್ಲ. ಹೆಡ್‌ಫೋನು ಹಾಕಿದೊಡನೆ ಓಟ ಮೊದಲಾಯಿತು. ದೋಷ ಕೈಯಲ್ಲಿಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು.

ಗಣಕಯಂತ್ರವು ನಾದವನ್ನು ಹನಿಹನಿಯಾಗಿ ಸಾಗಿಸುವುದಿಲ್ಲ. ಕೊಡ ತುಂಬಿದ ಮೇಲೆಯೇ ಎತ್ತುವ ನೀರಾಳಿನಂತೆ, ಮಾದರಿಗಳನ್ನು ಬಫರೆಂಬ ಪಾತ್ರೆಯಲ್ಲಿ ತುಂಬಿ ತುಂಬಿ ಸಾಗಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳಂತೆ ಹಿಡಿದಾಗ 1024 ಮಾದರಿಗಳ ಪಾತ್ರೆ ತುಂಬಲು 23 ಮಿಲಿಸೆಕೆಂಡು ಬೇಕು. ಒಳಬರುವಾಗ ಒಂದು ಪಾತ್ರೆ, ಹೊರಹೋಗುವಾಗ ಇನ್ನೊಂದು. ಪರಿವರ್ತಕಗಳ ಹೊತ್ತೂ ಸೇರಿ ಐವತ್ತರ ಸಮೀಪ. ಮಡಿಲಲ್ಲಿರುವ ಮೃದಂಗದ ದನಿ ಐವತ್ತೈದು ಅಡಿ ಆಚೆಯಿಂದ ಬಂದಂತೆ! ಒಂದು ಅಕ್ಷರಕಾಲಕ್ಕೆ ಒಂದು ಸೆಕೆಂಡೆಂದರೆ, ಅದರಲ್ಲಿ ಹದಿನಾರು ಪೆಟ್ಟು ನುಡಿಸುವಾಗ ಪೆಟ್ಟಿನಿಂದ ಪೆಟ್ಟಿಗಿರುವ ಅವಕಾಶ 62 ಮಿಲಿಸೆಕೆಂಡು ಮಾತ್ರ. ಪೆಟ್ಟು ಕಿವಿಗೆ ತಡವಾಗಿ ಬಂದಾಗ ಅನುಭವಿಯ ಕೈ ತಾನಾಗಿಯೇ ಮುಂದೆ ಸರಿದು ಹಾಡಿಗೆ ಹೊಂದಿಸಿಕೊಳ್ಳುತ್ತದೆ. ಮುದ್ರಿಸುವ ತಂತ್ರಾಂಶವೋ ಯಂತ್ರದ ವಿಳಂಬವನ್ನು ತಾನೇ ಕಳೆದು ಬರೆದುಕೊಳ್ಳುವುದರಿಂದ, ಆ ಸರಿದ ಕೈ ಓಟವಾಗಿ ಉಳಿಯುತ್ತದೆ. ಕಿವಿ ಸೂಕ್ಷ್ಮವಾದಷ್ಟೂ ತಪ್ಪು ಹೆಚ್ಚು.

ಇಂತಹ ಸಂದರ್ಭದಲ್ಲಿ ಹೊಸ ಯಂತ್ರವನ್ನು ಕೊಳ್ಳಿರೆಂದು ಹೇಳುವವರು ಬಹಳ; ಅವರ ಮಾತನ್ನು ಕೊನೆಗೆ ಕೇಳಿದರೆ ಸಾಕು. ಶಿಷ್ಯನು ಬಫರನ್ನು ಒಮ್ಮೆಗೇ 64ಕ್ಕೆ ಇಳಿಸಿದ. ನಾದವೆಲ್ಲ ಒಗ್ಗರಣೆಯ ಸಾಸಿವೆಯಂತೆ ಚಟಪಟಗುಟ್ಟಿತು: ಪಾತ್ರೆ ಚಿಕ್ಕದಾದಷ್ಟೂ ಹೊರುವವನು ಬೇಗ ಬೇಗ ಬರಬೇಕು, ಬಾರದಿದ್ದರೆ ಧಾರೆ ಕಡಿಯುತ್ತದೆ. ಆದುದರಿಂದ 128ರಲ್ಲಿ ನಿಲ್ಲಿಸಿದ. ವಿಂಡೋಸಿನ ಸಾಮಾನ್ಯ ಧ್ವನಿಮಾರ್ಗವನ್ನು ಬಿಟ್ಟು, ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ಹೊರತಂದ ಆಸಿಯೊ ಮಾರ್ಗವನ್ನು ಹಿಡಿದ. ವೈಫೈ ಆರಿಸಿದ, ವಿದ್ಯುತ್ತಿನ ಮಿತವ್ಯಯದ ಏರ್ಪಾಡನ್ನು ತೆಗೆದ, ಪ್ರತಿಧ್ವನಿಯ ಮೆರುಗು ಕೊಡುವ ಉಪಕರಣಗಳನ್ನು ಮುದ್ರಣ ಮುಗಿಯುವವರೆಗೆ ಮುಚ್ಚಿಟ್ಟ. ಬ್ಲೂಟೂತ್ ಹೆಡ್‌ಫೋನುಗಳು ನೂರು ಮಿಲಿಸೆಕೆಂಡಿಗೂ ಮೀರಿ ತಡಮಾಡುವುದುಂಟು; ಆ ಮನೆಯಲ್ಲಿದ್ದುದು ಪುಣ್ಯಕ್ಕೆ ತಂತಿಯದು. ಒಟ್ಟು ವಿಳಂಬ ಹತ್ತು ಮಿಲಿಸೆಕೆಂಡಿನೊಳಗೆ ಬಂದಿತು.

ಮೈಕಿನ ನಾದವನ್ನು ಗಣಕಯಂತ್ರದ ಸುತ್ತು ಹಾಕಿಸದೆ ನೇರವಾಗಿ ಕಿವಿಗೆ ಕೊಡುವ ಗುಂಡಿಯೊಂದು ಅವರ ಧ್ವನಿಪೆಟ್ಟಿಗೆಯಲ್ಲಿಯೇ ಇದ್ದಿತು. ಅದನ್ನು ಒತ್ತಿದ್ದರೆ ಇಷ್ಟು ಶ್ರಮವೇ ಬೇಕಿರಲಿಲ್ಲ. ಕೈಪಿಡಿಯನ್ನು ಓದುವ ಅಭ್ಯಾಸ ಗುರುವಿಗೂ ಇರಲಿಲ್ಲ, ಶಿಷ್ಯನಿಗೂ ಇರಲಿಲ್ಲ. ಅದು ಕಣ್ಣಿಗೆ ಬಿದ್ದುದು ಮರುವಾರ.

ಕೀರ್ತನೆಯನ್ನು ಆ ರಾತ್ರಿಯೇ ಮತ್ತೆ ಮುದ್ರಿಸಿದರು. ಗಾಯಕಿಗೆ ಕಳುಹಿಸುವಾಗ ಜೊತೆಗೆ ಯಾವ ವಿವರಣೆಯನ್ನೂ ಬರೆಯಕೂಡದೆಂದು ಶಿಷ್ಯನಿಗೆ ಕಟ್ಟಪ್ಪಣೆಯಾಯಿತು. ಬಿಡಬೇಕೆಂದಿದ್ದ ಕಚೇರಿಗಳಲ್ಲಿ ಮೊದಲನೆಯದಕ್ಕಾಗಿ, ಹೊಸ ಮುಚ್ಚಿಗೆ ಹಾಕಿಸಲು, ಮರುದಿನ ಬೆಳಗ್ಗೆ ಮೃದಂಗ ಮನೆಯಿಂದ ಹೊರಟಿತು.