ಬೆನ್ನು ಡೊಂಕಾದ್ರೆ ಯಾರ ಹತ್ರ ಹೋಗ್ಬೇಕು?

ಇವತ್ತು ರಾಗಿ ವಿಚಾರ ಅಲ್ಲ, ಮಗಳ ವಿಚಾರ. 12 ವರ್ಷ ಅವಳಿಗೆ, ಒಂದು ಭುಜ ಮೇಲೆ ಕಾಣ್ತಿತ್ತು. ಊರವರು ಸ್ಕೂಲ್ ಬ್ಯಾಗ್ ಭಾರ ಅಂದ್ರು, ಎಣ್ಣೆ ನೀವಿಸಿ ಅಂದ್ರು. ಒಬ್ಬ ಡಾಕ್ಟ್ರು ಕ್ಯಾಲ್ಸಿಯಂ ಮಾತ್ರೆ ಬರೆದ್ರು.

ಕೊನೆಗೆ ಬೆಂಗಳೂರಲ್ಲಿ ಮಕ್ಕಳ ಬೆನ್ನುಮೂಳೆ ನೋಡೋ ಸರ್ಜನ್ ಸಿಕ್ರು. ಮುಂದಕ್ಕೆ ಬಗ್ಗಿಸಿದ್ರು, ಬೆನ್ನಿನ ಒಂದು ಪಕ್ಕ ಉಬ್ಬಿತ್ತು. ನಿಲ್ಲಿಸಿ ಪೂರ್ತಿ ಬೆನ್ನಿನ ಎಕ್ಸ್‌ರೇ ತೆಗೆಸಿ ಡೊಂಕು ಅಳೆದ್ರು: 28 ಡಿಗ್ರಿ. ಸ್ಕೋಲಿಯೋಸಿಸ್ ಅಂತೆ. ಬ್ಯಾಗಿಂದ ಬರೋದಲ್ಲ, ಈ ವಯಸ್ಸಲ್ಲಿ ಹೆಚ್ಚಿನ ಮಕ್ಕಳಿಗೆ ಕಾರಣನೇ ಸಿಗಲ್ಲ.

10 ಡಿಗ್ರಿ ಆದ್ರೆ ಸ್ಕೋಲಿಯೋಸಿಸ್. ಬೆಳೆಯೋ ಮಗುಗೆ 25ರಿಂದ 40 ಇದ್ರೆ ಸಾಮಾನ್ಯವಾಗಿ ಬ್ರೇಸ್, 50 ದಾಟಿದ್ರೆ ಆಪರೇಷನ್ ಮಾತು. ಬ್ರೇಸ್ ಎಳೇ ಗಿಡದ ಗೂಟ ಇದ್ದಂಗೆ, ಡೊಂಕು ಹೆಚ್ಚದಂಗೆ ತಡೆಯುತ್ತೆ. ಬೆಳವಣಿಗೆ ನಿಂತ ಮೇಲೆ ಕಟ್ಟಿ ಉಪಯೋಗ ಇಲ್ಲ. ದಿನಕ್ಕೆ 18 ಗಂಟೆ ಹಾಕ್ತಾಳೆ. ಸೆಖೆಗೆ ಅತ್ತಿದ್ದೂ ಉಂಟು.

ನಿಮ್ಮ ಮಕ್ಕಳನ್ನ, ಅದರಲ್ಲೂ 10 ದಾಟಿದ ಹೆಣ್ಮಕ್ಕಳನ್ನ, ಒಂದ್ಸಲ ಬಗ್ಗಿಸಿ ನೋಡಿ. ಉಬ್ಬು ಕಂಡ್ರೆ ತಡ ಬೇಡ. ಡಾಕ್ಟ್ರನ್ನ ಎರಡೇ ಮಾತು ಕೇಳಿ: ಮಕ್ಕಳ ಸ್ಕೋಲಿಯೋಸಿಸ್ ನೋಡ್ತೀರಾ? ಎಷ್ಟು ಡಿಗ್ರಿ ಇದೆ? ಖರ್ಚಿನ ಚಿಂತೆ ಇರೋರು ಬೆಂಗಳೂರು ಜಯನಗರದ ಸರ್ಕಾರಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಲ್ಲಿ ವಿಚಾರಿಸಿ.